ದೇವರ ಜಗಲಿಯ ಮೇಲಿನ ಬಾಂಬು

'ನನಗೆ ಗೊತ್ತಿಲ್ಲ' ಎಂಬ ಎರಡು ಶಬ್ದ ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ದಾರಿ ಕೇಳಿದವನನ್ನು ತಪ್ಪು ದಾರಿಗಾದರೂ ಹಚ್ಚಿ ಕಳಿಸುತ್ತೇನೆಯೇ ಹೊರತು ಗೊತ್ತಿಲ್ಲ ಎಂದು ಕಳಿಸುವವನಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳು ಹಂಗಿಸುತ್ತಿದ್ದದ್ದು ನಿಜವೇ. ಆ ಜಂಭದ ದೆಸೆಯಿಂದ ಖಾನಾಪುರದ ಒಂದು ಮನೆ ಮಂದಿಯ ಸಮೇತ ಹಾರಿಹೋಗುವುದರಲ್ಲಿತ್ತು. ಇಷ್ಟು ವರ್ಷ ಇದನ್ನು ಬರೆಯದೆ ಬಿಟ್ಟದ್ದಕ್ಕೂ ಅದೇ ಜಂಭ ಕಾರಣ.

ಮೊದಲನೆಯ ದೊಡ್ಡ ಯುದ್ಧದ ಕಾಲಕ್ಕೆ ನಾನು ಇರಾಕಿನ ಬಸ್ರಾದಲ್ಲಿದ್ದೆ. ಸಿಪಾಯಿಯಾಗಿ ಅಲ್ಲ, ಬಡಿಗನಾಗಿ. ವಿಮಾನ ದುರಸ್ತಿಯ ಕಾರಖಾನೆಯಲ್ಲಿ ಮುರಿದ ರೆಕ್ಕೆಗಳಿಗೆ ತೆಳ್ಳನೆಯ ಕಟ್ಟಿಗೆಯ ಪಕ್ಕೆ ಕೂಡಿಸುವುದು, ಮೇಲೆ ಬಟ್ಟೆ ಎಳೆದು ಬಿಗಿಯುವುದು ನನ್ನ ಕೆಲಸ. ಆ ಬಟ್ಟೆ ಬಿರುಸಾಗಲೆಂದು ಒಂದು ಬಣ್ಣ ಬಳಿಯುತ್ತಿದ್ದೆವು. ಅದಕ್ಕೆ ಅತಿಯಾಗಿ ಮಾಗಿದ ಬಾಳೆಹಣ್ಣಿನ ವಾಸನೆ. ಬಂದೂಕು, ಬಾಂಬುಗಳ ಡೇರೆ ಬೇರೆಯೇ ಇತ್ತು. ಅದರ ಸುತ್ತ ಹಗ್ಗ ಕಟ್ಟಿದ್ದರು. ಆ ಹಗ್ಗ ದಾಟಿದ ನಮ್ಮಂಥವರನ್ನು ಗೋರಾ ಸಾರ್ಜೆಂಟ ಬೂಟುಗಾಲಿನಿಂದ ಒದ್ದು ಹೊರಗೆ ಹಾಕುತ್ತಿದ್ದ. ಮೂರು ವರ್ಷದಲ್ಲಿ ನಾನು ಒಂದು ಬಾಂಬನ್ನೂ ಕೈಯಿಂದ ಮುಟ್ಟಲಿಲ್ಲ.

ಆದರೆ ಬೆಳಗಾವಿಗೆ ಮರಳಿ ದಂಡಿನ ಕ್ಯಾಂಪಿನಲ್ಲಿ ಕುರ್ಚಿ ಮೇಜು ಮಾಡುವ ಅಂಗಡಿ ಹಾಕಿದ ಮೇಲೆ ಅದನ್ನು ಯಾರು ಕೇಳಬೇಕು? ಊರವರಿಗೆಲ್ಲ ನಾನು ವಿಮಾನದ ಮಿಸ್ತ್ರಿ. ಹಾಳೂರಿಗೆ ಉಳಿದವನೇ ಗೌಡ. ನನ್ನ ಅಂಗಡಿಯ ಗೋಡೆಗೆ ಮುರಿದ ವಿಮಾನದ ಮೂತಿಯಲ್ಲಿ ತಿರುಗುವ ಗಾಳಿರೆಕ್ಕೆಯ ತುಂಡೊಂದನ್ನು ನೇತುಹಾಕಿದ್ದೆ. ಅದನ್ನು ನೋಡಿಯೇ ಯುದ್ಧದ ವಿಮಾನಗಳ ಸಾಮಾನು ಕೂಡಿಹಾಕುವ ನನ್ನಂಥ ಹುಚ್ಚರು ಒಬ್ಬೊಬ್ಬರಾಗಿ ಬಂದು ಸೇರಿದರು.

ನಾವು ನಾಲ್ವರಾದೆವು. ಕ್ಯಾಂಪಿನಲ್ಲೇ ಗಡಿಯಾರ ರಿಪೇರಿ ಮಾಡುವ ಮುಸಲ್ಮಾನ ಗೆಳೆಯನೊಬ್ಬ; ಅವನ ಹತ್ತಿರ ವಿಮಾನ ಎಷ್ಟು ಎತ್ತರ ಏರಿತೆಂದು ತೋರಿಸುವ ಮುಳ್ಳಿನ ಡಬ್ಬಿಗಳಿದ್ದವು. ಖಾಸಬಾಗದ ಜೈನ ಅರಿವೆ ವ್ಯಾಪಾರಿಯೊಬ್ಬರು. ವಿಮಾನದಿಂದ ಪಾಯದಳದ ಮೇಲೆ ಸುರಿಯುತ್ತಿದ್ದ ಉಕ್ಕಿನ ಬಾಣಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಇರುವೆ ತುಳಿಯದವರಿಗೆ ಇದೆಂಥ ಶೋಕಿ ಎಂದು ನಾವು ಚೇಷ್ಟೆ ಮಾಡಿದರೆ, ನನ್ನ ಪೆಟ್ಟಿಗೆಯಲ್ಲಿರುವವರೆಗೆ ಇವು ಯಾರನ್ನೂ ಕೊಲ್ಲುವುದಿಲ್ಲವಲ್ಲ ಎನ್ನುತ್ತಿದ್ದರು. ನಾಲ್ಕನೆಯವರು ಖಾನಾಪುರದ ಪೆನ್ಶನ್ ಹವಾಲ್ದಾರರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಬೇರೆಯವರ ಸಾಮಾನೆಲ್ಲ ಒಂದು ತೂಕವಾದರೆ ಅವರದೊಂದೇ ಒಂದು ತೂಕ. ಅವರ ಹತ್ತಿರ ಬಾಂಬು ಇತ್ತು.

ಶತ್ರುಗಳು ಬಿಟ್ಟೋಡಿದ ಡೇರೆಯೊಂದರಲ್ಲಿ ಸಿಕ್ಕಿದ್ದನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಹಡಗಿನಲ್ಲಿ ತಂದಿದ್ದರಂತೆ. ಮೊಳದುದ್ದದ ಕಬ್ಬಿಣ, ಮೂತಿಗೆ ಗಾಳಿಗೆ ತಿರುಗುವ ಹಿತ್ತಾಳೆಯ ಪುಟ್ಟ ಫಿರಕಿ. ಫಿರಕಿ ತಿರುಗದಂತೆ ಮೊದಲು ಒಂದು ಕಡ್ಡಿ ಚುಚ್ಚಿತ್ತಂತೆ. ತಿಕ್ಕಿ ಬೆಳಗುವಾಗ ಅದು ಎಲ್ಲೋ ಬಿದ್ದುಹೋಗಿತ್ತು. ಶೂರರ ಮನೆಯಲ್ಲಿ ಆಯುಧ ಮೂಲೆಗೆ ಬೀಳಬಾರದೆಂದು ಹವಾಲ್ದಾರರು ಅದನ್ನು ದೇವರ ಜಗಲಿಯ ಮೇಲೆ ನಿಲ್ಲಿಸಿದ್ದರು. ಪ್ರತಿವರ್ಷ ಖಂಡೇನವಮಿಯ ಆಯುಧಪೂಜೆಗೆ ಅವರ ಹೆಂಡತಿ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುವರು, ಅರಿಷಿಣ ಕುಂಕುಮ ಏರಿಸುವರು. ಅವರ ಮನೆತನದಲ್ಲಿ ಆ ದಿನದ ಕಾಯಿಯನ್ನು ಕಲ್ಲಿನ ಮೇಲೆ ಒಡೆಯುವ ಪದ್ಧತಿ ಇಲ್ಲ, ಆಯುಧದ ಮೇಲೆಯೇ ಒಡೆಯಬೇಕು. ಹವಾಲ್ದಾರರು ಬಾಂಬಿನ ಹೆಗಲ ಮೇಲೆ ಒಡೆಯುತ್ತಿದ್ದರು.

ಮೊದಲ ವರ್ಷ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಓಣಿಯ ಮಂದಿ ತುಂಬಿತ್ತು. ಯಾರೋ ಹಿರಿಯರು, ಇದರೊಳಗೆ ಮದ್ದು ಗಿದ್ದು ಇಲ್ಲವಷ್ಟೇ ಎಂದು ಕೇಳಿದರು. ಎಲ್ಲರ ಕಣ್ಣೂ ನನ್ನ ಕಡೆ. ನಮ್ಮ ಕೂಟದಲ್ಲಿ ಯಾವ ಸಾಮಾನು ಬಂದರೂ ನಾನು ನೋಡಿ ಹೇಳಿದ್ದೇ ಮಾತು. ಅದನ್ನು ಎತ್ತಿ, ಮಗುಚಿ, ತಳ ನೋಡಬೇಕಿತ್ತು. ಆದರೆ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ನಿಂತದ್ದನ್ನು ತಲೆಕೆಳಗು ಮಾಡುವುದು ಹೇಗೆ? ಬೆರಳ ಗೆಣ್ಣಿನಿಂದ ಎರಡು ಸಲ ಬಡಿದೆ. ಕಪಾಟಿನ ಹಲಗೆ ಬಡಿದು ನೋಡುವಂತೆ ಕಿವಿ ಕೊಟ್ಟೆ. ಖಾಲಿ ಐತಿ ಎಂದೆ. ಅಷ್ಟಕ್ಕೇ ಆ ಮನೆಯ ಭಯ ಹೋಯಿತು.

ಐದು ವರ್ಷ ಕಳೆದವು. ಆರನೆಯ ಖಂಡೇನವಮಿಯ ಬೆಳಿಗ್ಗೆ ನಾನು ಉಳಿ, ಬಾಚಿ, ಕರಗಸಗಳನ್ನೆಲ್ಲ ತೊಳೆದು ಪೂಜೆಗೆ ಇಟ್ಟು ಕುಳಿತಿದ್ದೆ. ಗಡಿಯಾರದ ಗೆಳೆಯ ಬಗಲಲ್ಲಿ ಒಂದು ಚೀಲ ಇಟ್ಟುಕೊಂಡು ಬಂದ. ಊರಿಗೆ ಹೊರಟಿದ್ದ ಸಾಹೇಬನೊಬ್ಬನ ಬಂಗಲೆಯ ಸಾಮಾನು ಹರಾಜಾದ ಲಿಲಾವಿನಲ್ಲಿ ಅವನಿಗೆ ಖಾನಾಪುರದ ಬಾಂಬಿನ ಅವಳಿಯೇ ಸಿಕ್ಕಿತ್ತು. ಅದೇ ಅಳತೆ, ಅದೇ ಫಿರಕಿ; ಆದರೆ ತಳ ಬಿಚ್ಚಿ ಮದ್ದು ತೆಗೆದು ಖಾಲಿ ಮಾಡಿದ್ದರು. ಸಾಹೇಬ ಅದನ್ನು ಬಾಗಿಲು ಮುಚ್ಚದಂತೆ ಅಡ್ಡ ಇಡುತ್ತಿದ್ದನಂತೆ. ಗೆಳೆಯ ಅದನ್ನು ಒಂದೇ ಕೈಯಲ್ಲಿ ತೆಗೆದು ನಮ್ಮ ಕಲ್ಲಿನ ನೆಲದ ಮೇಲೆ ಇಟ್ಟ. ಅದು ಗುಡಿಯ ಗಂಟೆಯ ಹಾಗೆ ಠಣ್ ಎಂದಿತು.

ಖಾನಾಪುರದ್ದು ಒಮ್ಮೆಯೂ ಹೀಗೆ ಅಂದಿರಲಿಲ್ಲ. ನಾನು ಬಡಿದಾಗ ಅಂದಿರಲಿಲ್ಲ, ಕಾಯಿ ಒಡೆದಾಗಲೂ ಅಂದಿರಲಿಲ್ಲ. ಕಾಳು ತುಂಬಿದ ಹಗೇವಿನ ಬಾಯಿಗೆ ಒದ್ದ ಹಾಗೆ ದಬ್ ಎನ್ನುತ್ತಿತ್ತು. ಗೆಳೆಯ ನನ್ನ ಮುಖ ನೋಡದೆ ತನ್ನ ಪಾಡಿಗೆ ತೋರಿಸುತ್ತಿದ್ದ. ಬಾಂಬು ಕೆಳಗೆ ಬೀಳುವಾಗ ಗಾಳಿಗೆ ಫಿರಕಿ ತಿರುಗುತ್ತದೆ, ತಿರುಗಿದಂತೆ ಒಳಗಿನ ತಿರುಪು ಬಿಚ್ಚುತ್ತ ಬರುತ್ತದೆ, ಪೂರ್ತಿ ಬಿಚ್ಚಿತೆಂದರೆ ಒಳಗಿನ ಮೊಳೆ ಸಡಿಲವಾಗಿ ಒಂದು ಏಟಿಗಾಗಿ ಕಾಯುತ್ತ ಕೂಡುತ್ತದೆ. ಅವನು ಉಗುರಿನಿಂದ ತಿರುಪಿನ ಸುತ್ತು ಎಣಿಸಿ ಹದಿನಾಲ್ಕು ಎಂದ. ಆಮೇಲೆ, ಖಾನಾಪುರದ್ದರ ತಳವೂ ಹೀಗೇ ತೆರೆದಿದೆಯೇ ಎಂದು ಕೇಳಿದ.

ಮಗುಚಿ ನೋಡಲೇ ಇಲ್ಲ ಎಂದು ಅವನಿಗೆ ಹೇಳಲೇಬೇಕಾಯಿತು. ಅವನು ಬೈಯಲಿಲ್ಲ. ಎದ್ದು ತನ್ನ ಅಂಗಡಿಗೆ ಓಡಿ ಸಣ್ಣ ತಂತಿಯ ಸುರುಳಿ, ಚಿಮಟಿಗೆ ತಂದ. ನನ್ನ ಉಪಕರಣಗಳು ಪೂಜೆಯಲ್ಲಿದ್ದವು. ಆ ದಿನ ಅವನ್ನು ಮುಟ್ಟುವಂತಿರಲಿಲ್ಲ. ಇಬ್ಬರೂ ಸ್ಟೇಷನ್ನಿಗೆ ಓಡಿದೆವು.

ಆ ದಿನದ ರೈಲಿನಷ್ಟು ಮಂದಗತಿಯ ರೈಲನ್ನು ನಾನು ಕಂಡಿಲ್ಲ. ಇಂಜಿನ್ನಿನ ಕೊರಳಿಗೂ ಬಾಳೆಕಂಬ, ಚೆಂಡುಹೂವು. ನಡುದಾರಿಯ ದೇಸೂರಿನಲ್ಲಿ ನಿಂತದ್ದು ನಿಂತೇ ಬಿಟ್ಟಿತು. ಸ್ಟೇಷನ್ನಿನವರು ದೀಪ, ಸಿಗ್ನಲ್ಲಿನ ಕೈಗಂಬ ಎಲ್ಲಕ್ಕೂ ಕುಂಕುಮ ಹಚ್ಚುತ್ತಿದ್ದರು. ನಾನು ಇಳಿದು ಹೋಗಿ ಗಾರ್ಡನ ಮೇಲೆ ಹರಿಹಾಯ್ದೆ. ಅವನು ನನ್ನನ್ನು ಕುಡಿದವನೆಂದು ತಿಳಿದ. ಹವಾಲ್ದಾರರ ಮನೆಯಲ್ಲಿ ಹೊತ್ತು ನೆತ್ತಿಗೆ ಬರುವುದರೊಳಗೆ ಕಾಯಿ ಒಡೆದು ಎಡೆ ಹಿಡಿಯುತ್ತಾರೆಂಬುದು ನನಗೆ ಗೊತ್ತಿತ್ತು. ಕಿಡಕಿಯಿಂದ ನಾನು ನೆರಳುಗಳನ್ನೇ ನೋಡುತ್ತ ಕುಳಿತೆ. ಅವು ಗಿಡಗಳ ಬುಡಕ್ಕೆ ಬಂದು ಸೇರುತ್ತಿದ್ದವು.

ಖಾನಾಪುರದಲ್ಲಿ ಇಳಿದವರೇ ಓಡಿದೆವು. ಮನೆಯ ಮುಂದೆ ಚಪ್ಪಲಿಗಳ ರಾಶಿ. ನಂದಗಡದಿಂದ ಬೀಗರೂ ಬಂದಿದ್ದರು. ಪಡಸಾಲೆಯ ಮಂದಿಯನ್ನು ತಳ್ಳಿಕೊಂಡು ಒಳಗೆ ನುಗ್ಗಿದಾಗ ಊದಿನಕಡ್ಡಿಯ ಹೊಗೆಯ ನಡುವೆ ಬಾಂಬಿನ ಹಿತ್ತಾಳೆ ಬಂಗಾರದಂತೆ ಹೊಳೆಯುತ್ತಿತ್ತು. ಹವಾಲ್ದಾರರು ಎರಡೂ ಕೈಯಲ್ಲಿ ಕಾಯಿ ಹಿಡಿದು ಎತ್ತಿದ್ದರು. ನಾನು ಅವರ ಮುಂಗೈ ಹಿಡಿದುಬಿಟ್ಟೆ.

ಅಷ್ಟಾದರೂ ನನ್ನ ಜಂಭ ಸತ್ತಿರಲಿಲ್ಲ. ಈ ಸಲ ಕಲ್ಲಿನ ಮೇಲೆ ಒಡೆಯಿರಿ, ಕಬ್ಬಿಣದ ಮೇಲೆ ಒಡೆಯಬಾರದೆಂದು ಬೆಳಗಾವಿಯ ಶಾಸ್ತ್ರಿಗಳು ಹೇಳಿದ್ದಾರೆ ಎಂದು ಸುಳ್ಳು ಬಿಟ್ಟೆ. ಮಂದಿ ನಕ್ಕರು. ಬಡಿಗನಿಂದ ಸಿಪಾಯಿ ಶಾಸ್ತ್ರ ಕಲಿಯಬೇಕೇ ಎಂದು ಹವಾಲ್ದಾರರೂ ನಕ್ಕು, ಕೈ ಬಿಡಿಸಿಕೊಂಡು ಮತ್ತೆ ಕಾಯಿ ಎತ್ತಿದರು. ಹಿಂದೆ ನಿಂತಿದ್ದ ಗೆಳೆಯ ನನ್ನ ಬೆನ್ನಿಗೆ ಬೆರಳು ಒತ್ತಿದ.

"ಅದು ಖಾಲಿ ಇಲ್ರಿ, ಹವಾಲ್ದಾರ್ರ," ಎಂದೆ.

"ಖಾಲಿ ಐತಿ ಅಂತ ನೀವ ಅಂದಿದ್ರಿ. ಇಲ್ಲೇ, ಇದ ಮಂದಿ ಮುಂದ."

"ಅಂದಿದ್ದೆ. ನನಗ ಗೊತ್ತಿರಲಿಲ್ಲ. ಬಸ್ರಾದಾಗ ನಾ ಒಂದು ಬಾಂಬ ಸುದ್ದಾ ಮುಟ್ಟಿಲ್ಲ. ರೆಕ್ಕಿಗೆ ಅರಿವಿ ಬಿಗೀತಿದ್ದೆ, ಅಷ್ಟ."

ನಗು ನಿಂತಿತು. ಹವಾಲ್ದಾರರು ಎತ್ತಿದ ಕಾಯಿಯನ್ನು ಕೆಳಗಿಳಿಸಿದರು. "ಗೊತ್ತಿಲ್ಲ ಅಂತ ಅವತ್ತ ಅಂದಿದ್ರ ನಿಮ್ಮದೇನ ಹೋಗತಿತ್ರಿ ಮಿಸ್ತ್ರಿ?" ಎಂದರು. ದನಿ ಏರಿರಲಿಲ್ಲ. ಬೈದಿದ್ದರೆ ನನಗೂ ಸಿಟ್ಟು ಬರುತ್ತಿತ್ತು, ಬದುಕಿಕೊಳ್ಳುತ್ತಿದ್ದೆ. ಅವರು ಕಾಯಿಯನ್ನು ಮೆಲ್ಲಗೆ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಪಲ್ಟಣಿನಲ್ಲಿ ಹುಕುಂ ಕೊಟ್ಟಂತೆ ಮರಾಠಿಯಲ್ಲಿ ಮೂರೇ ಮಾತು ಹೇಳಿದರು. ಮುದುಕರು ಮೊದಲು, ಓಡಬಾರದು, ಜಗಲಿಯ ಕಡೆ ಯಾರೂ ಹಾಯಬಾರದು. ಅವರ ಹೆಂಡತಿ ತಮ್ಮ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಹೊರಗೆ ಹೋದರು. ಒಲೆಯ ಮೇಲಿನ ಹೋಳಿಗೆ ಹೊತ್ತಿದ ವಾಸನೆ ಬಂತು, ಯಾರೂ ಒಳಗೆ ಹೋಗಲಿಲ್ಲ.

ನಾವು ಮೂವರೇ ಉಳಿದೆವು. ಗಡಿಯಾರದ ಗೆಳೆಯ ಜಗಲಿಯ ಮುಂದೆ ಮೊಣಕಾಲೂರಿ, ಬಾಂಬನ್ನು ಅಲುಗಿಸದೆ, ಕಣ್ಣಿಗೆ ತನ್ನ ಭೂತಗನ್ನಡಿ ಇಟ್ಟು ಮೂತಿಯ ಸಂದಿಯನ್ನು ನೋಡಿದ. ಹಿತ್ತಾಳೆಯ ಮೇಲೆ ಬೆವರು ಹನಿಯದಿರಲೆಂದು ನಾನು ನನ್ನ ರುಮಾಲಿನಿಂದ ಅವನ ಹಣೆ ಒರೆಸಿದೆ. ಕಡೆಗೆ ಅವನು ಎರಡು ಬೆರಳು ಎತ್ತಿ ತೋರಿಸಿದ. ಹದಿನಾಲ್ಕರಲ್ಲಿ ಎರಡು ಸುತ್ತು ಉಳಿದಿತ್ತು. ತಂತಿಯನ್ನು ಫಿರಕಿಯ ಎಸಳುಗಳ ನಡುವೆ ಹಾಯಿಸಿ ಕೊರಳಿಗೆ ಬಿಗಿದು ಹಿಂದಕ್ಕೆ ಸರಿದ. ಹೊರಗೆ ಬಂದ ಮೇಲೆ ಚಿಮಟಿಗೆ ಒರೆಸಿ ಕಿಸೆಗೆ ಹಾಕಿಕೊಂಡ.

"ವರ್ಷಕ್ಕೊಮ್ಮೆ ಒರೆಸಿದ್ರ ಇಷ್ಟು ತಿರಗೂದಿಲ್ಲ ಭಾಯಿ," ಎಂದ. "ಯಾರೋ ತಿರಗಿಸ್ಯಾರ."

ಸ್ಟೇಷನ್ನಿನಿಂದ ಕ್ಯಾಂಪಿನ ದಂಡಿಗೆ ಟೆಲಿಗ್ರಾಂ ಕೊಟ್ಟೆವು. ಹವಾಲ್ದಾರರೇ ತಮ್ಮ ಹೆಸರು ನಂಬರು ಬರೆಸಿ ಕೊಟ್ಟರು; ಇಂಥದ್ದನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ಪೆನ್ಶನ್ ಹೋದರೆ ಹೋಗಲಿ ಎಂದರು. ಹೊತ್ತು ಇಳಿಯುವ ಮುಂಚೆ ಲಾರಿಯಲ್ಲಿ ಒಬ್ಬ ಗೋರಾ ಅಧಿಕಾರಿ, ನಾಲ್ವರು ಸಿಪಾಯಿಗಳು ಬಂದರು. ಮರಳು ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ಹೊಳೆಯಾಚೆಯ ಬಯಲಿಗೆ ಒಯ್ದರು. ಅದಕ್ಕೆ ಹಚ್ಚಿದ ಕುಂಕುಮ ಹಾಗೇ ಇತ್ತು.

ಓಣಿಯ ಮಂದಿಯೆಲ್ಲ ಗುಡಿಯ ಹಿಂದೆ ನಿಂತಿದ್ದೆವು. ಅದರೊಳಗೆ ಬರೀ ಮಣ್ಣಿರಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತೆ. ಮಣ್ಣೇ ಇದ್ದರೆ ನಾನು ಮಂದಿಯೆದುರು ಹುಚ್ಚನಾಗುತ್ತಿದ್ದೆ, ಅಷ್ಟೇ. ಮೊದಲ ಸಲ ನನಗೆ ಹುಚ್ಚನಾಗುವ ಆಸೆ ಹುಟ್ಟಿತ್ತು. ಆಗ ನೆಲ ಒಮ್ಮೆ ಕಾಲಡಿ ಸರಿದಂತಾಯಿತು, ಸಪ್ಪಳ ಆಮೇಲೆ ಬಂತು. ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಹೊಳೆಯಾಚೆ ಮಣ್ಣು ತೆಂಗಿನಮರದೆತ್ತರ ಏರಿ ಮೆಲ್ಲಗೆ ಕೂತಿತು. ಹವಾಲ್ದಾರರು ಕೈಮುಗಿದು ನಿಂತಿದ್ದರು. ಯಾರಿಗೆ ಮುಗಿದರೋ ನಾನು ಕೇಳಲಿಲ್ಲ.

ಸಂಜೆ ಎಲ್ಲರೂ ಮನೆಗೆ ಮರಳಿದರು. ನಾನು ಒಳಗೆ ಹೋಗಲಾರದೆ ಹೊಸ್ತಿಲಾಚೆ ನಿಂತಿದ್ದೆ. ಹವಾಲ್ದಾರರ ಹೆಂಡತಿ ಕೂಸನ್ನು ಕಂಕುಳಲ್ಲಿ ಹೊತ್ತು ಜಗಲಿಗೆ ದೀಪ ಹಚ್ಚಲು ಹೋದರು. ಬಾಂಬು ನಿಂತಿದ್ದ ಜಾಗದಲ್ಲಿ ಕುಂಕುಮದ ಗುಂಡನೆಯ ಗುರುತು ಮಾತ್ರ ಇತ್ತು. ಕೂಸು ಅತ್ತ ಕೈ ಚಾಚಿತು. ಗಾಳಿಯಲ್ಲಿ ಬೆರಳಿನಿಂದ ಏನನ್ನೋ ತಿರುಗಿಸಿತು, ಅದು ಸಿಗದೆ ಅಳಲು ಹಿಡಿಯಿತು. ತಾಯಿ ಅದರ ಕೈ ಹಿಡಿದು ಸೆರಗಿನಲ್ಲಿ ಮುಚ್ಚಿಕೊಂಡರು.

"ಕೂಸು ಅತ್ತಾಗೊಮ್ಮೆ ಇಲ್ಲೇ ತಂದು ಆ ಫಿರಕಿ ತಿರಗಿಸಿ ಸಮಾಧಾನ ಮಾಡ್ತಿದ್ದೆ, ಅಣ್ಣಾ," ಎಂದರು. "ಖಾಲಿ ಐತಿ ಅಂದಿದ್ರಲ್ಲ ನೀವು."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಒಳಗೆ ಕೂಸು ಇನ್ನೂ ಅಳುತ್ತಿತ್ತು.