ಹೆಸರು ಹಿಡಿದು ಕರೆಯದವರು

ನನ್ನ ಗಂಡ ತೀರಿಕೊಂಡ ಕೆಲವು ತಿಂಗಳಿಗೆ ನನಗೆ ಅನ್ನ ನುಂಗುವುದು ಕಷ್ಟವಾಗತೊಡಗಿತು. ತುತ್ತು ಗಂಟಲಿನ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಮೊಸರನ್ನವನ್ನು ಕೂಡ ನೀರು ಕುಡಿದು ಇಳಿಸಬೇಕಾಗಿತ್ತು. ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರಲ್ಲಿ ಗಂಟಲಿಗೆ ನಳಿಕೆ ಬಿಟ್ಟು ನೋಡಿದರು. ಡಾಕ್ಟರು ಚಿತ್ರಗಳನ್ನು ತೋರಿಸಿ, ಒಳಗೆ ಏನೂ ಇಲ್ಲ, ಹುಷಾರಾಗಿದ್ದೀರಿ ಅಂದರು. ನಾನು ಸಯನ್ನಿನ ಮನೆಗೆ ಬಂದು ಗಂಜಿ ಮಾಡಿಕೊಂಡು ಕುಡಿದೆ. ಸೀರೆಯ ನೆರಿಗೆ ದಿನದಿನಕ್ಕೂ ಹೆಚ್ಚಾಗುತ್ತಿತ್ತು.

ಬೆಳಗಿನ ಯೋಗದ ಗೆಳತಿಯೊಬ್ಬಳು ಫೋನಿಗೆ ಒಂದು ಸಂದೇಶ ಕಳಿಸಿದಳು. ಮುಲುಂಡಿನ ಹಿಂದೆ, ಬೆಟ್ಟದ ಬುಡದ ಆದಿವಾಸಿ ಪಾಡಾದಲ್ಲಿ, ಅಂದರೆ ಅವರ ಹಟ್ಟಿಯಲ್ಲಿ, ಒಂದು ದಿನದ ಶಿಬಿರ. ಕಾಡಿನ ಗಿಡಮೂಲಿಕೆ, ವಾರ್ಲಿ ಜನರ ಪೂಜೆ, ಮನಸ್ಸಿನ ಭಾರ ಇಳಿಸುವ ವಿಧಿ ಎಂದೆಲ್ಲ ಬರೆದಿತ್ತು. ನಾನು ಅದನ್ನು ಅಳಿಸಿಹಾಕುವವಳಿದ್ದೆ. ಕಾಲೇಜಿಗೆ ಹೋಗುವ ನನ್ನ ಮಗಳು ಹಿಂದಿನಿಂದ ಓದಿ, "ಅಮ್ಮಾ, ಜಾಕೇ ಆವೋ ನಾ. ಟ್ರೈ ಮಾಡೋದ್ರಲ್ಲಿ ಏನಿದೆ? ನೀನು ಹೀಗೆ ತಿನ್ನದೇ ಇರೋದು ನೋಡಕ್ಕೆ ನಂಗೆ ಆಗಲ್ಲ" ಅಂದಳು. ಅವಳು ಅಷ್ಟು ಉದ್ದದ ಕನ್ನಡ ವಾಕ್ಯ ಆಡಿ ಬಹಳ ದಿನಗಳಾಗಿದ್ದವು.

ಒಬ್ಬಳೇ ಹೋಗಲು ಧೈರ್ಯ ಬರಲಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬರು ಇದ್ದಾರೆ. ವಿಜಯಪುರದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ನನಗಿಂತ ದೊಡ್ಡವರಾದ್ದರಿಂದ ನಾನು ಆಪಾ ಎನ್ನುತ್ತೇನೆ. ಅವರ ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು, ಕೊರೋನಾದ ಮೊದಲ ಬೇಸಿಗೆಯಲ್ಲಿ ಹೋಗಿಬಿಟ್ಟರು. ಅದಾದ ವಾರದಲ್ಲೇ ಆಪಾ ಮಾಸ್ಕ್ ಹೊಲಿಯಲು ಕೂತದ್ದನ್ನು ಇಡೀ ಬಿಲ್ಡಿಂಗ್ ನೋಡಿತ್ತು. ಎಂಥ ಗಟ್ಟಿ ಹೆಂಗಸು ಎಂದು ನಾವೆಲ್ಲ ಮಾತಾಡಿಕೊಂಡಿದ್ದೆವು.

"ಆಪಾ, ನನ್ನ ಜೊತೆ ಬರ್ತೀರಾ?" ಎಂದು ಕೇಳಿದೆ.

ಅವರು ಮಿಷನ್ ನಿಲ್ಲಿಸಿದರು. "ಬರ್ತೀನಿ ತಂಗಿ. ಆದ್ರ ಪೂಜಿ ಮುಂದ ಕುಂದ್ರಂಗಿಲ್ಲ ನಾ. ನಮ್ಮೊಳಗ ಅದು ನಡಿಯೂದಿಲ್ಲ. ದೂರ ಕುಂತು ನಿನ್ನ ಚಪ್ಪಲಿ ಕಾಯ್ತೀನಿ."

ಭಾನುವಾರ ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದು ಮುಲುಂಡಿಗೆ ಹೋದೆವು. ಅಲ್ಲಿಂದ ರಿಕ್ಷಾ, ರಿಕ್ಷಾ ನಿಂತ ಮೇಲೆ ಕಾಲುದಾರಿ. ಮಳೆಗಾಲ ಮುಗಿದು ಹುಲ್ಲು ಹಳದಿಗೆ ತಿರುಗಿತ್ತು. ಸೆಗಣಿ ಸಾರಿಸಿದ ಅಂಗಳ, ಒಂದು ಮರ, ಮರದ ಕೆಳಗೆ ಸಿಂಧೂರ ಬಳಿದ ಕಲ್ಲು. ಅದು ವಾಘೋಬಾ, ಅವರ ಹುಲಿದೇವರು. ತಿರುಗಿ ನೋಡಿದರೆ ಮುಲುಂಡಿನ ಎತ್ತರದ ಕಟ್ಟಡಗಳು ಕಾಣುತ್ತಿದ್ದವು.

ಶಿಬಿರ ನಡೆಸುವವಳು ನಗರದ ಹೆಂಗಸು. ಬಿಳಿ ಬಟ್ಟೆ ಉಟ್ಟು, ನಮ್ಮ ಫೋನುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಸಿಕೊಂಡು, ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಮದ್ದು ಕೊಡುವವಳು ಪಾಡಾದ ಮುದುಕಿ. ಕಾಸೆ ಹಾಕಿ ಉಟ್ಟ ಸೀರೆ, ಕೈತುಂಬ ಹಸಿರು ಬಳೆ. ಕನ್ನಡಕದ ಒಂದು ಕಡ್ಡಿ ಮುರಿದಿದ್ದರಿಂದ ದಾರ ಕಟ್ಟಿದ್ದಳು. ನನ್ನ ಗಂಟಲಿನ ವಿಷಯ ಕೇಳಿ ಮರಾಠಿಯಲ್ಲಿ ಮೊದಲು ಅಂದದ್ದು, "ಡಾಕ್ಟರಿಗೆ ತೋರಿಸಿದ್ದೀಯಾ?" ತೋರಿಸಿದ್ದೇನೆ ಎಂದ ಮೇಲೆಯೇ ಕುತ್ತಿಗೆ ಮುಟ್ಟಿ ನೋಡಿದಳು. ಅವಳ ಬೆರಳುಗಳು ಬಿಸಿಯಾಗಿದ್ದವು.

ಅಮೃತಬಳ್ಳಿ ಹಾಕಿ ಕುದಿಸಿದ ಕಷಾಯ ಕೊಟ್ಟರು. ಅದರಲ್ಲಿ ಬೇರೆ ಏನೇನೋ ಬೇರುಗಳೂ ಇದ್ದವು, ಹೆಸರು ಹೇಳಲಿಲ್ಲ. ಬಹಳ ಕಹಿ. ಒಂದೊಂದೇ ಗುಟುಕು ಇಳಿಸಿದೆ. ಆಮೇಲೆ ಕಂಬಳಿ ಹೊದಿಸಿ ಲಕ್ಕಿಸೊಪ್ಪಿನ ಹಬೆಗೆ ಕೂರಿಸಿದರು. ಆ ವಾಸನೆಗೆ ಬಾಣಂತನದ ಸ್ನಾನ ನೆನಪಾಯಿತು. ಕತ್ತಲಲ್ಲಿ ಬೆವರುತ್ತ ಕೂತವಳಿಗೆ ಆಸ್ಪತ್ರೆಯಲ್ಲಿ ಗಂಡನ ಕೊನೆಯ ದಿನಗಳು ಕಣ್ಣಮುಂದೆ ಬಂದವು: ಅವರಿಗೂ ನುಂಗಲಾಗುತ್ತಿರಲಿಲ್ಲ, ನಾನು ಚಮಚದಲ್ಲಿ ಎಳನೀರು ಬಿಡುತ್ತಿದ್ದೆ, ಅದು ಬಾಯಿಯ ಅಂಚಿನಿಂದ ಹೊರಗೆ ಹರಿಯುತ್ತಿತ್ತು. ಇಷ್ಟು ದಿನ ಅದನ್ನು ನಾನು ನೆನೆಸಿಕೊಂಡಿರಲೇ ಇಲ್ಲ.

ಕೊನೆಗೆ ಅಕ್ಕಿಯ ವಿಧಿ. ಮುದುಕಿ ಮೊರದಲ್ಲಿ ಅಕ್ಕಿ ಹರಡಿಕೊಂಡು, ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಹಾಡತೊಡಗಿದಳು. ಒಬ್ಬೊಬ್ಬರೇ ಹೋಗಿ, ಹಿಡಿ ಅಕ್ಕಿ ಎತ್ತಿಕೊಂಡು, ಹೋದವರನ್ನು ಹೆಸರಿನಿಂದ ಕರೆದು, ಅಕ್ಕಿಯನ್ನು ಮತ್ತೆ ಮೊರಕ್ಕೆ ಬಿಡಬೇಕು. ನನಗಿಂತ ಮುಂದಿದ್ದ ಹುಡುಗಿಯೊಬ್ಬಳು ತಾಯಿಯ ಹೆಸರು ಹೇಳಿ ಬಹಳ ಅತ್ತಳು. ಬಿಳಿ ಬಟ್ಟೆಯವಳು, "ಬಿಟ್ಟುಬಿಡಿ, ಎಲ್ಲ ಬಿಟ್ಟುಬಿಡಿ" ಎನ್ನುತ್ತಿದ್ದಳು.

ನನ್ನ ಸರದಿ ಬಂತು. ಅಕ್ಕಿ ಹಿಡಿದು ನಿಂತೆ.

"ನಾವ್ ಸಾಂಗ್, ಬಾಯಿ," ಎಂದಳು ಮುದುಕಿ. ಹೆಸರು ಹೇಳು.

ಹೆಸರು ಹೇಳಿ ನಾನು ಅವರನ್ನು ಕರೆದವಳೇ ಅಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಬರೆದಿದ್ದೇನೆ, ಕೇಳಿದವರಿಗೆ ಹೇಳಿದ್ದೇನೆ. ಅವರನ್ನು ನೋಡಿ ಆ ಹೆಸರು ಅಂದದ್ದಿಲ್ಲ. ಈಗ ಅಂದರೆ ಯಾರೋ ಬೇರೆಯವರನ್ನು ಕರೆದ ಹಾಗಾಗುತ್ತದೆ ಅನ್ನಿಸಿತು. ಎಲ್ಲರೂ ಕಾಯುತ್ತಿದ್ದರು. ಆಮೇಲೆ, ಅಡುಗೆಮನೆಯಿಂದ ಹೊರಗಿನ ಕೋಣೆಗೆ ಕೂಗುತ್ತಿದ್ದಂತೆ, ನನ್ನ ಬಾಯಿಂದ ಬಂತು.

"ರೀ."

ಅಷ್ಟೇ. ಅಕ್ಕಿ ಕೈಯಿಂದ ತಾನಾಗಿ ಇಳಿಯಿತು.

ಆಗಲೇ ಹಿಂದಿನಿಂದ ಒಂದು ಸದ್ದು ಕೇಳಿತು. ಮೊದಲು ಯಾರೋ ಕೆಮ್ಮುತ್ತಿದ್ದಾರೆ ಅಂದುಕೊಂಡೆ. ತಿರುಗಿ ನೋಡಿದರೆ, ಚಪ್ಪಲಿಗಳ ಪಕ್ಕ ಕೂತಿದ್ದ ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದ್ದರು. ನಾನು ಓಡಿಹೋಗಿ ಹೆಗಲು ಹಿಡಿದುಕೊಂಡೆ.

"ನಾನೂ ಹೆಸರು ತಗೋತಿರಲಿಲ್ಲ ತಂಗಿ," ಅಂದರು. "ಅಜೀ ಅಂತಿದ್ದೆ. ಅಜೀ ಅಂದ್ರ ಸಾಕು, ಎಲ್ಲಿದ್ರೂ ಹೂಂ ಅಂತಿದ್ರು. ಗಾಡ್ಯಾಗ ಹಾಕ್ಕೊಂಡು ಹೋಗೂ ಮುಂದ ಕೂಗಿದೆ. ಬಾಗಲಾ ಹಾಕಿದ್ರು. ಮತ್ತ ಮಾರಿ ನೋಡಾಕ ಸಿಗಲಿಲ್ಲ ನಂಗ. ಯಾರೋ ನಾಕ್ ಮಂದಿ ಮಣ್ಣು ಮಾಡಿ ಬಂದ್ರು."

ಮುದುಕಿ ಮೊರವನ್ನು ಕೆಳಗಿಟ್ಟು ಎದ್ದು ಬಂದಳು. ಬಿಳಿ ಬಟ್ಟೆಯವಳು ಸಾಲಿನಲ್ಲಿ ಉಳಿದವರ ಕಡೆ ಕೈ ತೋರಿಸಿದಳು. ಮುದುಕಿ ಅತ್ತ ನೋಡಲಿಲ್ಲ. ನೆಲದ ಮೇಲೆ ಆಪಾ ಪಕ್ಕದಲ್ಲಿ ಕೂತಳು. ಕಷಾಯ ತರಲಿಲ್ಲ, ಅಕ್ಕಿ ತರಲಿಲ್ಲ. ನಾನು ಮರಾಠಿಯಲ್ಲಿ ವಿಷಯ ತಿಳಿಸಿದೆ. "ನನ್ನ ತಮ್ಮನನ್ನೂ ಹಾಗೇ ಒಯ್ದರು," ಅಂದಳು. ಮುದುಕಿಯ ಸೊಸೆ ನೀರು ತಂದುಕೊಟ್ಟಳು.

"ಹೋದವರಿಗೆ ನಿಮ್ಮಲ್ಲಿ ಏನು ಮಾಡುತ್ತೀರಿ?" ಎಂದು ಮುದುಕಿ ಕೇಳಿದಳು.

"ಫಾತಿಹಾ ಓದ್ತೀವಿ. ಮನೆಯಲ್ಲಿ ಓದಿದ್ದೇನೆ," ಎಂದು ಆಪಾ ತಮ್ಮ ಹಿಂದಿ ಬೆರೆತ ಮರಾಠಿಯಲ್ಲಿ ಹೇಳಿದರು. "ಖಬರಸ್ತಾನದ ಕಡೆ ಮಾತ್ರ ಹೋಗಿಲ್ಲ. ಆ ರಸ್ತೆಯಲ್ಲೇ ನಡೆದಿಲ್ಲ."

"ಹೋಗು," ಅಂದಳು ಮುದುಕಿ. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು, ಮೊರದ ಹತ್ತಿರ ಹೋಗಿ ಹಾಡನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.

ಮಧ್ಯಾಹ್ನ ಅಕ್ಕಿರೊಟ್ಟಿ, ಅವರೆಕಾಳಿನ ಸಾರು ಬಡಿಸಿದರು. ನಾನು ಅರ್ಧ ರೊಟ್ಟಿ ತಿಂದೆ, ನೀರಿನ ಸಹಾಯದಿಂದಲೇ. ಆಪಾ ಏನೂ ಮುಟ್ಟಲಿಲ್ಲ. ವಾಪಸ್ಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಅವರು ಗಂಡನ ಬಗ್ಗೆ ಹೇಳುತ್ತಲೇ ಬಂದರು. ಸಯನ್ ಬಂದಾಗ ಇಳಿಯುವುದೂ ಮರೆತು, ದಾದರಿನಲ್ಲಿ ಇಳಿದು ತಿರುಗಿ ಬಂದೆವು.

ಮುಂದಿನ ಶುಕ್ರವಾರ ನಾನು ಆಫೀಸಿಗೆ ರಜೆ ಹಾಕಿ ಆಪಾ ಜೊತೆ ಖಬರಸ್ತಾನಕ್ಕೆ ಹೋದೆ. ಹೆಂಗಸರು ಒಳಗೆ ಹೋಗುವ ರೂಢಿ ಅಲ್ಲಿಲ್ಲ. ಗೇಟಿನ ಕಾವಲಿನವನು ಆ ಬೇಸಿಗೆಯ ಗೋರಿಗಳ ಸಾಲು ಯಾವ ಕಡೆ ಎಂದು ಕೈ ಮಾಡಿ ತೋರಿಸಿದ. ಗೋಡೆಯಾಚೆ ಬೇವಿನ ಮರಗಳು ಮಾತ್ರ ಕಾಣುತ್ತಿದ್ದವು. ಆಪಾ ಅಂಗೈ ಬಿಚ್ಚಿ ಹಿಡಿದು ಓದಿದರು. ಓದಿ ಮುಗಿದ ಮೇಲೂ ತುಟಿ ಅಲ್ಲಾಡುತ್ತಿತ್ತು. ದೊಡ್ಡ ಮಗಳ ಮದುವೆಯಾದದ್ದನ್ನು ಹೇಳುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ ನಿಂತೆ.

ನನ್ನ ಗಂಟಲು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಆಮೇಲೆ ಮನಸ್ಸಿನ ಡಾಕ್ಟರೊಬ್ಬರ ಬಳಿ ಹೋದೆ, ಮಾತ್ರೆ ತಗೊಂಡೆ. ಮುಂದಿನ ಮಳೆಗಾಲದ ಹೊತ್ತಿಗೆ ಚಪಾತಿ ಇಳಿಯತೊಡಗಿತು. ಯಾವುದರಿಂದ ಎಂದು ಮಗಳು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಈಗ ಸಂಜೆ ಆಪಾ ಮಿಷನ್ನಿಗೆ ಮುಸುಕು ಹಾಕಿದ ಮೇಲೆ ನಾನು ಕೆಳಗಿಳಿದು ಹೋಗುತ್ತೇನೆ. ಚಹಾ ಕುಡಿಯುತ್ತ ಇಬ್ಬರೂ ನಮ್ಮ ನಮ್ಮ ಗಂಡಂದಿರ ಮಾತಾಡುತ್ತೇವೆ. ಬದುಕಿದ್ದಾಗ ಅವರಿಬ್ಬರಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಏನೂ ಗೊತ್ತಿರಲಿಲ್ಲ. ಗೇಟಿನಲ್ಲಿ ಎದುರಾದಾಗ ತಲೆಯಾಡಿಸಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.