ಇಪ್ಪತ್ತೊಂದನೆಯ ಸುತ್ತು

ನೀರಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿದೆ, ಬೇರೆಲ್ಲೂ ಅದಕ್ಕೆ ಕೆಲಸವಿಲ್ಲ. ಇಪ್ಪತ್ತಾರು ವರ್ಷದಿಂದ ಎದೆಯುದ್ದದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಬೀದಿಬೀದಿಗೆ ನೀರು ಬಿಡುತ್ತ ಬಂದ ನೀರುಗಂಟಿಯನ್ನು ಜನ ಇನ್ನೇನೆಂದು ಕರೆದಾರು? ಅವನ ಹೆಂಡತಿ ಕೂಡ ಸಿಟ್ಟು ನೆತ್ತಿಗೇರಿದ ದಿನ "ಏನ್ರೀ ನೀರಣ್ಣನವರೇ" ಎಂದೇ ಮಾತು ಶುರುಮಾಡುತ್ತಾಳೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗೆ ದೊಡ್ಡ ತಲೆನೋವಾಗಿದ್ದು ಎಣಿಕೆ. ಕೆಳಗಿನ ಬೀದಿಯ ವಾಲ್ವನ್ನು ಸರಿಯಾಗಿ ಇಪ್ಪತ್ತೊಂದು ಸುತ್ತು ತಿರುಗಿಸಬೇಕು. ಒಂದು ಹೆಚ್ಚಾದರೆ ಮೇಲಿನ ಬೀದಿಯ ನಲ್ಲಿಗಳು ಬರೀ ಗಾಳಿ ಉಗುಳುತ್ತವೆ. ಒಂದು ಕಡಿಮೆಯಾದರೆ ಕೆಳಗಿನ ಬೀದಿಯ ತುದಿಯಲ್ಲಿ ದಿಬ್ಬದ ಮೇಲಿರುವ ಕೊನೆಯ ಮನೆಗೆ ನೀರು ಹತ್ತುವುದಿಲ್ಲ. ಅವನು ಹದಿಮೂರು ಹದಿನಾಲ್ಕು ಎನ್ನುವಷ್ಟರಲ್ಲಿ ಯಾರಾದರೂ ಬಂದು "ಇವತ್ತು ಎಷ್ಟು ಹೊತ್ತು ಬಿಡ್ತೀಯ?" ಎಂದು ಬಾಯಿ ಹಾಕುತ್ತಿದ್ದರು, ಲೆಕ್ಕ ಮಣ್ಣುಪಾಲಾಗುತ್ತಿತ್ತು.

ಕೊನೆಗೆ ದಾರಿ ತೋರಿಸಿದವಳು ಹೆಂಡತಿ. "ಆ ಬೀದೀಲಿ ಇರೋದೂ ಇಪ್ಪತ್ತೊಂದೇ ಮನೆ ಅಲ್ವೇನ್ರೀ? ಸುತ್ತಿಗೊಂದು ಮನೆ ಹೇಳ್ಕೊಂಡು ಹೋಗಿ. ಅಂಕಿ ಮರೀಬಹುದು, ಜನರನ್ನ ಹೇಗೆ ಮರೀತೀರಿ?" ಅಂದಿದ್ದಳು.

ಅಲ್ಲಿಂದ ಅವನು ಮನೆಗಳನ್ನೇ ಎಣಿಸತೊಡಗಿದ. ಬರೀ ಮನೆಯ ಹೆಸರು ಹೇಳಿ ಬಿಡುವುದು ಮರ್ಯಾದೆಯಲ್ಲ ಅನ್ನಿಸಿ ಪ್ರತಿ ಮನೆಗೂ ಒಂದು ಒಳ್ಳೆಯ ಮಾತು ಸೇರಿಸಿದ. ಟೈಲರ್ ಮನೆ, ಸೊಂಟನೋವು ಕಡಿಮೆಯಾಗಲಿ. ಮೇಷ್ಟ್ರ ಮನೆ, ಮಗಳ ಸಂಸಾರ ಸುಖವಾಗಿರಲಿ. ಬ್ಯಾಂಡಿನವನ ಮನೆ, ಅವನ ತುತ್ತೂರಿ ಇವತ್ತಾದರೂ ಬಾಯಿ ಮುಚ್ಚಿಕೊಂಡಿರಲಿ. ಕಡೆಯ ಸುತ್ತು ಗಿರಣಿಯ ಫಿಟ್ಟರ್ ಮನೆ, ಬೀದಿಯ ತುದಿಯ ದಿಬ್ಬದ ಮನೆ. ದೇವರ ಮುಂದೆ ಐದು ನಿಮಿಷ ಕಣ್ಣು ಮುಚ್ಚಿ ಕೂತರೆ ನಿದ್ದೆ ಹೋಗುವ ಆಸಾಮಿ ನೀರಣ್ಣ. ವಾಲ್ವಿನ ಗುಂಡಿಯ ಪಕ್ಕ ನಿಂತು ಬೆಳಿಗ್ಗೆ ಆರಕ್ಕೆ ಮಾಡುವ ಈ ಎಣಿಕೆಯೇ ಅವನ ಜಪ, ತಪ ಎಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ತುಸು ಜಂಬವೂ ಇತ್ತು, ಇರಲಿ ಬಿಡಿ.

ಒಂದು ವರ್ಷ, ಎರಡೂ ಬೀದಿಯವರು ದುಡಿಯುತ್ತಿದ್ದ ಗಿರಣಿಯಲ್ಲಿ ಮುಷ್ಕರವಾಯಿತು. ಮೂರು ತಿಂಗಳಾದ ಮೇಲೆ ಮೇಲಿನ ಬೀದಿಯವರು ಹೊಟ್ಟೆಪಾಡು ನೋಡಿಕೊಂಡು ಕೆಲಸಕ್ಕೆ ಮರಳಿದರು, ಕೆಳಗಿನ ಬೀದಿಯವರು ಗೇಟಿನ ಹೊರಗೇ ಉಳಿದರು. ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರು ಎದುರುಬದುರಾದರೆ ಮುಖ ತಿರುಗಿಸುವಂತಾಯಿತು. ನೀರಣ್ಣ ಇದ್ದದ್ದು ಮೇಲಿನ ಬೀದಿಯಲ್ಲಿ. ಅವನ ಪಕ್ಕದ ಸೈಕಲ್ ಅಂಗಡಿಯವನು ಒಂದು ಬೆಳಿಗ್ಗೆ ದಾರಿಗೆ ಅಡ್ಡ ನಿಂತ.

"ಅವರಿಗೆ ಎರಡು ದಿನ ನೀರು ನಿಲ್ಸು. ತಾನಾಗಿ ಬುದ್ಧಿ ಬರುತ್ತೆ."

"ನಾನು ಬಿಡೋದು ನೀರು ಕಣಪ್ಪ. ಬುದ್ಧಿ ಬಿಡೋ ಪೈಪು ನಮ್ಮ ಕಚೇರೀಲಿ ಇಲ್ಲ," ಎಂದು ನೀರಣ್ಣ ಮುಂದೆ ನಡೆದ. ಸಂಜೆ ಈ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದ. ಅವಳು ಎರಡು ಸಲವೂ ನಕ್ಕಳು.

ವಾರ ಕಳೆಯುವುದರೊಳಗೆ ಗಿರಣಿಯ ಗೇಟಿನ ಬಳಿ ಕಲ್ಲು ಹಾರಿತು. ಶಿಫ್ಟ್ ಮುಗಿಸಿ ಹೊರಬರುತ್ತಿದ್ದ ನೀರಣ್ಣನ ತಮ್ಮನ ಎಡಗಣ್ಣಿಗೆ ಬಿತ್ತು. ಎಸೆದವನು ಕೊನೆಯ ಮನೆಯ ಫಿಟ್ಟರ್, ಅದನ್ನು ನೂರು ಜನ ನೋಡಿದ್ದರು. ಪೊಲೀಸರು ಅವನನ್ನು ಅಲ್ಲೇ ಹಿಡಿದುಕೊಂಡು ಹೋದರು. ತಮ್ಮನನ್ನು ನೀರಣ್ಣ ಎತ್ತಿ ಬೆಳೆಸಿದ್ದ, ಶಾಲೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ. ಕಣ್ಣು ಉಳಿಯುತ್ತದೋ ಇಲ್ಲವೋ ವಾರದ ಮೇಲೆ ಹೇಳುತ್ತೇವೆ ಎಂದರು ಡಾಕ್ಟರು.

ಮರುದಿನವೂ ನೀರಣ್ಣ ಆರು ಗಂಟೆಗೆ ಚಾವಿ ಹೊತ್ತು ಹೊರಟ. ಸೈಕಲ್ ಅಂಗಡಿಯವನು ಈ ಸಲ ದಾರಿ ಬಿಟ್ಟು ನಿಂತು ನೋಡಿದ. ನೀರಣ್ಣ ತಲೆ ಎತ್ತಿಕೊಂಡೇ ಹೋಗಿ ಎಂದಿನಂತೆ ವಾಲ್ವ್ ತಿರುಗಿಸಿ, ಆಸ್ಪತ್ರೆಯ ಕಡೆ ಹೆಜ್ಜೆ ಹಾಕಿದ. ಇಂಥ ಹೊತ್ತಿನಲ್ಲೂ ತನ್ನ ಕೈ ತಪ್ಪು ಮಾಡಲಿಲ್ಲವಲ್ಲ ಎಂಬ ಸಮಾಧಾನ ಅವನಿಗಿತ್ತು. ಆ ಸಮಾಧಾನವನ್ನೇ ಊರುಗೋಲು ಮಾಡಿಕೊಂಡು ನಾಲ್ಕು ದಿನ ನಡೆದಾಡಿದ.

ಐದನೆಯ ದಿನ ಗುಂಡಿಯ ಪಕ್ಕ ಒಬ್ಬ ಮುದುಕಿ ಖಾಲಿ ಕೊಡ ಹಿಡಿದು ನಿಂತಿದ್ದಳು. ಫಿಟ್ಟರನ ತಾಯಿ.

"ನಾಲ್ಕು ದಿನದಿಂದ ನಮ್ಮನೇಲಿ ನೀರಿಲ್ಲ ನೀರಣ್ಣ. ಸೊಸೆ ಹೆತ್ತು ಹನ್ನೆರಡು ದಿನ ಆಗಿದೆ. ಮಗೂಗೆ ಸ್ನಾನ ಮಾಡಿಸೋಕೂ ಪಕ್ಕದ ಮನೇಲಿ ಬೇಡ್ಬೇಕು. ಬೇಕಂತಲೇ ನಿಲ್ಸಿದ್ದೀಯ ಅಂತ ಬೀದಿಯೆಲ್ಲ ಹೇಳ್ತಿದೆ. ನನಗೆ ನಂಬೋಕೆ ಆಗ್ಲಿಲ್ಲ, ಕೇಳಿಯೇ ಬಿಡೋಣ ಅಂತ ಬಂದೆ."

ನೀರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯಲ್ಲಿ ಕಣ್ಣು ಕಳೆದುಕೊಳ್ಳುವ ಸ್ಥಿತಿಯಲ್ಲಿ ತಮ್ಮ ಮಲಗಿದ್ದಾನೆ, ಆದರೂ ಬಂದು ನೀರು ಬಿಡುತ್ತಿದ್ದೇನೆ, ಅದರ ಮೇಲೆ ಈ ಮಾತು.

"ಅಜ್ಜಿ, ಒಂದು ಸುತ್ತೂ ಕಡಿಮೆ ಮಾಡಿಲ್ಲ ನಾನು. ಬೇಕಾದ್ರೆ ಇಲ್ಲೇ ನಿಂತು ನೋಡಿ, ಕೇಳಿಸೋ ಹಾಗೇ ಎಣಿಸ್ತೀನಿ."

ಚಾವಿಯನ್ನು ಗುಂಡಿಗೆ ಇಳಿಸಿದ. ಮೊದಲ ಸುತ್ತು ಯಾವತ್ತೂ ಬಿಗಿ, ಮೈಭಾರ ಹಾಕಿದ ಮೇಲೇ ಅದು ಅಲುಗುವುದು. ಟೈಲರ್ ಮನೆ. ಮೇಷ್ಟ್ರ ಮನೆ. ಬ್ಯಾಂಡಿನವನ ಮನೆ. ಮುದುಕಿ ತನ್ನ ಬೀದಿಯನ್ನೇ ನಡೆದುಕೊಂಡು ಹೋಗುತ್ತಿರುವವಳ ಹಾಗೆ ಒಂದೊಂದಕ್ಕೂ ತಲೆಯಾಡಿಸಿದಳು. ಕಿರಾಣಿ ಅಂಗಡಿಯವರ ಮನೆ, ವ್ಯಾಪಾರ ಕುದುರಲಿ. ನರ್ಸಮ್ಮನ ಮನೆ, ರಾತ್ರಿಪಾಳಿ ತಪ್ಪಲಿ. ನೀರಣ್ಣ ಚಾವಿಯನ್ನು ಮೇಲೆತ್ತಿ ಹೆಗಲಿಗೇರಿಸಿ, ಬೆವರು ಒರೆಸಿಕೊಂಡು ನಿಂತ.

"ಆಯ್ತಲ್ಲ. ಕೇಳಿದ್ರಲ್ಲ."

ಮುದುಕಿ ಇನ್ನೂ ಕಾಯುತ್ತಿದ್ದಳು. "ನಮ್ಮನೆ ಎಲ್ಲಪ್ಪ?" ಎಂದಳು.

ನೀರಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ನರ್ಸಮ್ಮನ ಮನೆ ಇಪ್ಪತ್ತನೆಯದು, ಅದಾದ ಮೇಲೆ ಒಂದು ಮನೆ ಇದೆ. ಇಷ್ಟು ವರ್ಷ ಹೇಳಿದ ಹೆಸರನ್ನು ನಾಲ್ಕು ದಿನದಿಂದ ನಾಲಿಗೆ ತನ್ನಷ್ಟಕ್ಕೆ ನುಂಗಿ ಹಾಕಿತ್ತು, ಕೈ ನಾಲಿಗೆಯ ಮಾತು ಕೇಳಿ ನಿಂತುಬಿಟ್ಟಿತ್ತು. ಅವನು ಗುಂಡಿಯ ಕಟ್ಟೆಯ ಮೇಲೆ ಕುಸಿದು ಕೂತ. ಸೈಕಲ್ ಅಂಗಡಿಯವನಿಗೆ ಹೇಳಿದ ಜಾಣ ಮಾತು ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಮನುಷ್ಯ ಮಾಡು ಎಂದದ್ದನ್ನೇ ಇವನು ಮಾಡಿದ್ದ, ಬಾಣಂತಿಯ ಮೇಲೆ, ಹಸುಗೂಸಿನ ಮೇಲೆ ಮಾಡಿದ್ದ.

"ಬೇಕಂತ ಮಾಡಿಲ್ಲ ಅಜ್ಜಿ," ಎಂದ. "ಆದ್ರೆ ಮಾಡಿದ್ದು ನಾನೇ."

ಮುದುಕಿ ಕೊಡ ಕೆಳಗಿಟ್ಟು ಅವನ ಪಕ್ಕದಲ್ಲೇ ಕೂತಳು. "ನನ್ನ ಮಗ ಕಲ್ಲು ಎಸೆದದ್ದೂ ನಿಜ. ನಾನು ಅದನ್ನ ಇಲ್ಲ ಅನ್ನೋಕೆ ಬಂದಿಲ್ಲ. ತಮ್ಮನ ಕಣ್ಣು ಹೇಗಿದೆ?"

"ನಾಳಿದ್ದು ಪಟ್ಟಿ ಬಿಚ್ತಾರೆ."

ಆಮೇಲೆ ನೀರಣ್ಣ ಎದ್ದು ಚಾವಿಯನ್ನು ಮತ್ತೆ ಇಳಿಸಿದ. "ಫಿಟ್ಟರ್ ಮನೆ" ಎಂದ. ಫಿಟ್ಟರನಿಗೆಂದು ಒಂದು ಒಳ್ಳೆಯ ಮಾತು ಹುಡುಕಿದ, ಸಿಗಲಿಲ್ಲ. "ಮಗೂಗೆ ಸ್ನಾನ ಆಗಲಿ," ಎಂದ. ವಾಲ್ವ್ ತಿರುಗಿತು, ಮುದುಕಿ ಕೊಡ ಎತ್ತಿಕೊಂಡು ಮನೆಯ ಕಡೆ ಬಿರುಸಾಗಿ ಹೊರಟಳು.

ಪಟ್ಟಿ ಬಿಚ್ಚಿದ ದಿನ ತಮ್ಮನಿಗೆ ಆ ಕಣ್ಣಿನಲ್ಲಿ ಎಲ್ಲ ಮಸುಕಾಗಿ ಕಂಡಿತು. ಅಷ್ಟಾದರೂ ಉಳಿಯಿತಲ್ಲ ಎಂದು ನೀರಣ್ಣ ಅವನ ಕೈ ಹಿಡಿದು ಅತ್ತ. ನಾಲ್ಕು ದಿನದ ತಪ್ಪನ್ನು ಮುಚ್ಚಿಡದೆ ಹೇಳಿದ.

"ಅಣ್ಣ, ನಾನಂತೂ ಅವನನ್ನ ಕ್ಷಮಿಸಿಲ್ಲ."

"ನಾನೂ ಇಲ್ಲ ಕಣೋ. ನೀರು ಮಾತ್ರ ಬಿಟ್ಟಿದ್ದೀನಿ."

ಮರುದಿನದಿಂದ ನೀರಣ್ಣ ಎಣಿಕೆಯನ್ನು ತಿರುವುಮುರುವು ಮಾಡಿದ. ಮೈಭಾರ ಹಾಕಬೇಕಾದ ಮೊದಲ ಸುತ್ತಿಗೇ ಫಿಟ್ಟರ್ ಮನೆ. ತನ್ನ ನಾಲಿಗೆಯ ಮೇಲೆ ಅವನಿಗೆ ಮೊದಲಿನ ಭರವಸೆ ಉಳಿದಿರಲಿಲ್ಲ, ಕಷ್ಟದ ಹೆಸರು ಮೊದಲೇ ಮುಗಿಯಲಿ ಎಂದುಕೊಂಡ. ಮಗುವಿಗೆ ಹಲ್ಲು ಬರಲಿ, ಬಾಣಂತಿಗೆ ನಿದ್ದೆ ಬರಲಿ, ಮುದುಕಿಯ ಮಂಡಿ ಗಟ್ಟಿಯಾಗಲಿ ಎಂದು ದಿನಕ್ಕೊಂದು ಹೇಳುತ್ತಿದ್ದ. ಫಿಟ್ಟರನ ಪಾಲಿಗೆ ಏನೂ ಇರುತ್ತಿರಲಿಲ್ಲ. ಮುಷ್ಕರ ಮುಗಿಯಿತು, ಫಿಟ್ಟರ್ ಶಿಕ್ಷೆ ಮುಗಿಸಿ ಮನೆಗೆ ಬಂದ, ಆಗಲೂ ಇರಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ, ನೀರಣ್ಣ ಚಾವಿಗೆ ಮೈಭಾರ ಹಾಕಿ "ಫಿಟ್ಟರ್ ಮನೆ" ಎಂದ. ಬಾಯಿ ಅವನನ್ನು ಕೇಳದೆಯೇ ಮುಂದುವರಿಸಿತು: "ಅವನಿಗೂ ಒಳ್ಳೇದಾಗಲಿ." ನೀರಣ್ಣ ತಬ್ಬಿಬ್ಬಾದ, ಕೈ ಮಾತ್ರ ತನ್ನಷ್ಟಕ್ಕೆ ಚಾವಿ ತಿರುಗಿಸುತ್ತಲೇ ಇತ್ತು. ಎಲ್ಲಿದ್ದೆ, ಎಷ್ಟಾಯಿತು, ಒಂದೂ ತಿಳಿಯಲಿಲ್ಲ. ವಾಲ್ವನ್ನು ಪೂರ್ತಿ ಮುಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದ. ಆವತ್ತು ಕೆಳಗಿನ ಬೀದಿಗೆ ನೀರು ಹತ್ತು ನಿಮಿಷ ತಡವಾಗಿ ಬಂತು.