ಮಸ್ಕತ್ತಿಗೆ ಮೇಲ್‌ನಲ್ಲಿ ಹೋದ ಮದುಮಗ

ನನ್ನ ಮೈದುನ ಭೋಜರಾಜ ತಮಿಳು ಸೀಮೆಯ ಅಂಬತ್ತೂರಿನಲ್ಲಿ ಟಿಫನ್ ಹೋಟೆಲ್ ನಡೆಸುತ್ತಿದ್ದ. ಕಾರ್ಖಾನೆಯ ಶಿಫ್ಟ್ ಬಿಟ್ಟರೆ ಅವನ ದೋಸೆಗೆ ನೂಕುನುಗ್ಗಲು. ಆದರೆ ಹೊಯ್ಯುವವನ ಮೈಯಲ್ಲಿ ಬರೀ ಮೂಳೆ, ಚರ್ಮ! ಎರಡು ಹೆಣ್ಣಿನ ಕಡೆಯವರು ಬಂದು ನೋಡಿ, "ಹೋಟೆಲಿನವನೇ ಹೀಗಾದ್ರೆ ವ್ಯಾಪಾರ ಹೇಗುಂಟೋ" ಎಂದು ಎದ್ದು ಹೋಗಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

2003ರಲ್ಲಿ ಸಿಕ್ಕಳು ನೋಡಿ ಜಲಜಾ. ನಮ್ಮ ಉಡುಪಿ ಕಡೆಯವಳೇ. ಪಕ್ಕದ ಸ್ಟುಡಿಯೋದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದಳು. ದಿನಾ ದೋಸೆ ತಿನ್ನುತ್ತ ತಿನ್ನುತ್ತ ಇವನನ್ನೇ ಮೆಚ್ಚಿಬಿಟ್ಟಳು! ಅಪ್ಪನಿಲ್ಲದ ಹುಡುಗಿ, ಮಸ್ಕತ್ತಿನಲ್ಲಿದ್ದ ಅಣ್ಣ ಸದಾನಂದ ಹೂಂ ಅನ್ನಬೇಕು. ಅವನೋ, "ಹುಡುಗನ ವಿಡಿಯೊ ಕಳಿಸು. ಭಾನುವಾರ ಇನ್ನೊಂದು ಸಂಬಂಧದವರಿಗೆ ಮಾತು ಕೊಡ್ಬೇಕು" ಎಂದ.

ಜಲಜಾ ಭೋಜರಾಜನನ್ನು ದೋಸೆಕಲ್ಲಿನ ಮುಂದೆ ನಿಲ್ಲಿಸಿ ಶೂಟ್ ಮಾಡಿದಳು. ಎಡಿಟ್ ಮಾಡಿದ್ದು ಎವಿಐ ಫೈಲಿನಲ್ಲಿ.

"ಕತ್ತರಿಸ್ಲಿಕ್ಕೆ, ಅಂಟಿಸ್ಲಿಕ್ಕೆ ಇದೇ ಒಳ್ಳೇದು, ವಿನೋದಕ್ಕ. ಆದ್ರೆ ಭಾರೀ ದೊಡ್ಡದು, ಮೇಲ್‌ನಲ್ಲಿ ಹೋಗುದಿಲ್ಲ."

"ಸಿಡಿ ಮಾಡಿ ಕಳಿಸು ಮಾರಾಯ್ತಿ!" ಎಂದೆ.

"ಎಂಪೆಗ್ ಮಾಡಿ ವಿಸಿಡಿಗೆ ಹಾಕ್ಬಹುದು. ಅದು ಮಸ್ಕತ್ ಮುಟ್ಟುವಾಗ ನನಗೆ ಬೇರೆಯವನ ಜೊತೆ ನಿಶ್ಚಯ ಆಗಿರ್ತದೆ!"

ಕೊನೆಗೆ ಡಬ್ಲ್ಯುಎಂವಿ ಎಂಬ ಪುಟ್ಟ ಫೈಲ್ ಮಾಡಿ ಮೇಲ್‌ನಲ್ಲಿ ಕಳಿಸಿದಳು. ಆಮೇಲೆ ತೆರೆದು ನೋಡಿದರೆ, ಕಡವುಳೇ, ದೇವರೇ! ಅವಸರದಲ್ಲಿ ಚಿತ್ರದ ಅಗಲದ ಅಳತೆ ತಪ್ಪು ಕೊಟ್ಟಿದ್ದಳು. ಭೋಜರಾಜನಿಗೆ ಗುಂಡು ಕೆನ್ನೆ, ಡೊಳ್ಳುಹೊಟ್ಟೆ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಸರಿಮಾಡಿ ಕಳಿಸುವಷ್ಟರಲ್ಲಿ ಅಣ್ಣನ ಫೋನು.

"ಆಳು ಭರ್ಜರಿ ಇದ್ದಾನೆ! ಹೋಟೆಲು ಗಟ್ಟಿ ಉಂಟು ಅಂತ ಹೊಟ್ಟೆಯೇ ಹೇಳ್ತದೆ. ನಿಶ್ಚಿತಾರ್ಥಕ್ಕೆ ಬರ್ತೇನೆ."

ಸುಮ್ಮನಿರು ಎಂದು ಚಿವುಟಿದೆ. ಕೇಳಿದಳಾ? "ಅವರು ಅಷ್ಟು ದಪ್ಪ ಇಲ್ಲ, ಅಣ್ಣ" ಎಂದೇ ಬಿಟ್ಟಳು. ಅವನು ತಂಗಿಗೆ ನಾಚಿಕೆ ಎಂದುಕೊಂಡು ನಕ್ಕು ಫೋನಿಟ್ಟ.

ನಿಶ್ಚಿತಾರ್ಥದ ದಿನ ಬಂದ ಸದಾನಂದ, ರೇಷ್ಮೆ ಪಂಚೆ ಜಾರದಂತೆ ಹಿಡಿದು ನಿಂತಿದ್ದ ಭೋಜರಾಜನ ಬೆನ್ನ ಹಿಂದೆ ಇಣುಕಿ, "ಹುಡುಗ ಎಲ್ಲಿ?" ಎಂದ. ಭೋಜರಾಜನ ಮುಖದಲ್ಲಿ ರಕ್ತವೇ ಇಲ್ಲ. ಮೂರನೆಯ ಸಲವೂ ಎದ್ದು ಹೋಗುತ್ತಾರೆಂದೇ ತಲೆ ತಗ್ಗಿಸಿದ, ಪಾಪ.

ಜಲಜಾ ಎಲ್ಲರೆದುರಿಗೇ ಎದ್ದು ಬಂದು ಅವನ ಪಕ್ಕ ನಿಂತಳು.

"ಇವರೇ ಅಣ್ಣ. ವಿಡಿಯೊದಲ್ಲಿ ಹಿಗ್ಗಿಸಿದ್ದು ನನ್ನ ತಪ್ಪು. ಇವರು ಇಷ್ಟೇ ಇರುದು. ನಂಗೆ ಇಷ್ಟೇ ಸಾಕು."

ಸದಾನಂದ ಅವನನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ತಾಂಬೂಲದ ತಟ್ಟೆ ಎತ್ತಿ ಭೋಜರಾಜನ ಕೈಗೇ ಕೊಟ್ಟ.

"ಹಿಡ್ಕೊಳ್ಳಿ ಭಾವ. ಬೀಳಿಸ್ಬೇಡಿ."